ಮೊದಲು ಕೇಳಿ, ಉತ್ತರ ಕೊಟ್ಟವರು ಯಾರು?

ಎಲ್ಲರಿಗೂ ನಮಸ್ಕಾರ. ಊಟ ಮುಗಿದ ಹೊತ್ತು, ಹೊರಗೆ ದಾವಣಗೆರೆ ಬಿಸಿಲು, ಒಳಗೆ ಫ್ಯಾನ್ ಗಾಳಿ. ನಿದ್ದೆ ಬಂದರೆ ತಪ್ಪು ನಿಮ್ಮದಲ್ಲ. ಅದಕ್ಕೇ ಇವತ್ತು ಸ್ಲೈಡ್ ತಂದಿಲ್ಲ. ಕುಬರ್ನೆಟಿಸ್ ಮೇಲೆ ಓಡುವ ಸೈಟ್ ಕೆಟ್ಟರೆ ತಪ್ಪು ಎಲ್ಲಿದೆ ಅಂತ ಹುಡುಕುವುದು ಹೇಗೆ ಅನ್ನುವುದು ಇವತ್ತಿನ ವಿಷಯ. ನಾನೇ ಮಾಡಿಕೊಂಡ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ. ಬೇರೆಯವರ ಎಡವಟ್ಟು ಕೇಳುವಾಗ ಯಾರಿಗೂ ನಿದ್ದೆ ಬರುವುದಿಲ್ಲ, ಅಲ್ವಾ?

ನಮ್ಮದು ನಾಲ್ಕು ಜನರ ತಂಡ. ಮೆಕ್ಕೆಜೋಳದ ವ್ಯಾಪಾರಿಗಳಿಗೆ ಬಿಲ್ಲು, ತೂಕದ ಚೀಟಿ, ಲಾರಿ ಲೆಕ್ಕ ನೋಡಿಕೊಳ್ಳುವ ಸಣ್ಣ ಆ್ಯಪ್ ನಡೆಸುತ್ತೇವೆ. ಅದು ಕುಬರ್ನೆಟಿಸ್ ಕ್ಲಸ್ಟರ್ ಮೇಲೆ, ಅಂದರೆ ಹಲವು ಯಂತ್ರ ಸೇರಿಸಿ ಆ್ಯಪ್ ಓಡಿಸುವ ವ್ಯವಸ್ಥೆಯ ಮೇಲೆ, ಓಡುತ್ತದೆ. ಅಷ್ಟು ಸಣ್ಣ ಆ್ಯಪ್‌ಗೆ ಅಷ್ಟು ದೊಡ್ಡ ಯಂತ್ರ ಬೇಕಿತ್ತಾ ಅಂದರೆ, ಬೇಕಿರಲಿಲ್ಲ. ಆ ಜಗಳ ಟೀ ಹೊತ್ತಿಗೆ ಇಟ್ಟುಕೊಳ್ಳೋಣ. ಒಂದು ಭಾನುವಾರ ರಾತ್ರಿ, ಕೆಲಸ ಅಚ್ಚುಕಟ್ಟಾಗಿರಲಿ ಅಂತ, ಡಿಫಾಲ್ಟ್ ನೇಮ್‌ಸ್ಪೇಸ್‌ನಲ್ಲಿದ್ದ ಆ್ಯಪ್ ಅನ್ನು ಬಿಲ್ಲಿಂಗ್ ಅನ್ನುವ ಹೊಸ ನೇಮ್‌ಸ್ಪೇಸ್‌ಗೆ ಸಾಗಿಸಿದೆ. ನೇಮ್‌ಸ್ಪೇಸ್ ಅಂದರೆ ಒಂದೇ ಕ್ಲಸ್ಟರ್ ಒಳಗಿನ ಬೇರೆ ಬೇರೆ ಮನೆ ಇದ್ದ ಹಾಗೆ. ಆ್ಯಪ್ ಓಡುವ ಪಾಡ್, ಪಾಡ್‌ಗಳಿಗೆ ಒಂದು ಹೆಸರು ಕೊಡುವ ಸರ್ವೀಸ್, ಹೊರಗಿನಿಂದ ಬಂದವರಿಗೆ ದಾರಿ ಹೇಳುವ ಇಂಗ್ರೆಸ್ ಎಲ್ಲ ಹೋಯಿತು. ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ನನ್ನ ಲ್ಯಾಪ್‌ಟಾಪ್‌ನಿಂದ ನೇರ ಪಾಡ್‌ಗೆ ದಾರಿ ಮಾಡಿಕೊಂಡು ನೋಡಿದೆ, ಪುಟ ಬಂತು. ಮಲಗಿದೆ.

ಸೋಮವಾರ ಬೆಳಗ್ಗೆ ಚಿತ್ರದುರ್ಗದ ಬಸ್ ಸ್ಟ್ಯಾಂಡ್‌ನಲ್ಲಿ ದಾವಣಗೆರೆ ಬಸ್ ಹತ್ತುತ್ತಿದ್ದೆ. ಒಬ್ಬ ವ್ಯಾಪಾರಿಯ ಫೋನ್ ಬಂತು. "ಸಾರ್, ಲಾರಿ ನಿಂತಾವೆ. ಕಂಪ್ಯೂಟರ್‌ನಾಗೆ ಏನೋ ಕೆಂಪು ಬೀಗ ತೋರಿಸ್ತೈತಿ, ಒಳಗೇ ಬಿಡವಲ್ದು." ಮುಂದೆ ಹೋಗುವ ಬಟನ್ ಇಲ್ಲವಾ ಅಂದೆ. ಇಲ್ಲ ಅಂದರು. ಇರುವುದೂ ಇಲ್ಲ. ಬಾಗಿಲಲ್ಲಿ ನಿಂತು ಹೊರಗಿನ ವಿನಂತಿಗಳನ್ನು ಒಳಗೆ ಕಳಿಸುವ ಇಂಗ್ರೆಸ್-ಎಂಜಿನ್‌ಎಕ್ಸ್ ಕಂಟ್ರೋಲರ್ ತಾನಾಗಿಯೇ ಎಚ್‌ಎಸ್‌ಟಿಎಸ್ ಅನ್ನುವ ಹೆಡರ್ ಕಳಿಸುತ್ತದೆ. 'ಈ ಸೈಟಿಗೆ ಇನ್ನು ಮುಂದೆ ಸರಿಯಾದ ಸರ್ಟಿಫಿಕೇಟ್ ಇಲ್ಲದೆ ಬರಬೇಡ' ಅಂತ ಬ್ರೌಸರ್‌ಗೆ ಹೇಳುವ ಮಾತು ಅದು. ಸರ್ಟಿಫಿಕೇಟ್ ಅಂದರೆ ಸೈಟಿನ ಗುರುತಿನ ಚೀಟಿ. ಒಂದು ಸಲ ಅದನ್ನು ಕೇಳಿಸಿಕೊಂಡ ಬ್ರೌಸರ್, ಸರ್ಟಿಫಿಕೇಟ್ ಕೆಟ್ಟರೆ ಬಾಗಿಲು ಹಾಕಿಕೊಂಡು ಕೂರುತ್ತದೆ. ನಮ್ಮ ಒಳ್ಳೆಯದಕ್ಕೇ. ಆದರೆ ಲಾರಿ ನಿಂತಿದ್ದವಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು, ತೊಡೆ ಮೇಲೆ ಲ್ಯಾಪ್‌ಟಾಪ್, ಫೋನಿನ ಹಾಟ್‌ಸ್ಪಾಟ್. ಸರ್ಟಿಫಿಕೇಟ್ ತೊಂದರೆ ತಾನೇ, ಹೊಸದು ತರಿಸಿದರಾಯಿತು ಅಂದುಕೊಂಡೆ. ಸರ್ಟಿಫಿಕೇಟ್ ಮತ್ತು ಅದರ ಕೀಲಿ ಇಡುವ ಡಬ್ಬಿಯನ್ನು, ಅಂದರೆ ಸೀಕ್ರೆಟ್ ಅನ್ನು, ಡಿಲೀಟ್ ಮಾಡಿದೆ. ಸೀಕ್ರೆಟ್ ಕಾಣೆಯಾದರೆ, ಸರ್ಟಿಫಿಕೇಟ್ ನೋಡಿಕೊಳ್ಳುವ ಸರ್ಟ್-ಮ್ಯಾನೇಜರ್ ಅನ್ನುವ ಪ್ರೋಗ್ರಾಂ ತಾನೇ ಹೊಸ ಸರ್ಟಿಫಿಕೇಟ್ ತಂದು ಹಾಕುತ್ತದೆ. ತಂದು ಹಾಕಿತು. ಬ್ರೌಸರ್‌ನಲ್ಲಿ ಅದೇ ಕೆಂಪು. ಕಂಟ್ರೋಲರ್ ಪಾಡ್ ರೀಸ್ಟಾರ್ಟ್ ಮಾಡಿದೆ. ಅದೇ ಕೆಂಪು. ಮತ್ತೆ ಡಿಲೀಟ್. ಭರಮಸಾಗರ ದಾಟುವಾಗ ಮೂರು ಸಲ ಆಗಿತ್ತು. ಆನಗೋಡು ಬರುವಷ್ಟರಲ್ಲಿ ಐದು. ದಾವಣಗೆರೆಯಲ್ಲಿ ಇಳಿದು ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಕೂತು ಆರನೇ ಸಲ ಡಿಲೀಟ್ ಒತ್ತಿದೆ. ಈ ಸಲ ಹೊಸ ಸರ್ಟಿಫಿಕೇಟ್ ಬರಲೇ ಇಲ್ಲ.

ಸರ್ಟಿಫಿಕೇಟ್ ಪುಕ್ಕಟೆ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯವರದ್ದು ಒಂದು ಲೆಕ್ಕ ಇದೆ. ಒಂದೇ ಹೆಸರುಗಳ ಗುಂಪಿಗೆ 7 ದಿನದಲ್ಲಿ 5 ಸರ್ಟಿಫಿಕೇಟ್. ಅಷ್ಟೇ. ಆರನೆಯದು ಬೇಕಾದರೆ ಕಾಯಬೇಕು, 34 ಗಂಟೆಗೆ ಒಂದರಂತೆ ಅವಕಾಶ ತುಂಬಿಕೊಳ್ಳುತ್ತದೆ. ಆ ಐದು ಸರ್ಟಿಫಿಕೇಟ್ ಎಲ್ಲಿ ಹೋದವು ಅಂತೀರಾ? ಸರ್ಟಿಫಿಕೇಟ್ ಗುಟ್ಟಲ್ಲ, ಸಾರ್ವಜನಿಕ ಲಾಗ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಗುಟ್ಟಿರುವುದು ಅದರ ಪ್ರೈವೇಟ್ ಕೀ. ಅದು ಸೀಕ್ರೆಟ್‌ನಲ್ಲಿತ್ತು. ಸೀಕ್ರೆಟ್ ಅನ್ನು ನನ್ನ ಕೈಯಾರೆ ಅಳಿಸಿದ್ದೆ. ಬೀಗ ಇದೆ, ಕೀಲಿಕೈ ಕೆರೆಗೆ ಎಸೆದಾಯಿತು.

ಇಷ್ಟಕ್ಕೂ ಮೊದಲಿನ ತೊಂದರೆ ಏನಿತ್ತು? ಇಂಗ್ರೆಸ್ ಹೊಸ ನೇಮ್‌ಸ್ಪೇಸ್‌ಗೆ ಹೋಗಿತ್ತು. ಸರ್ಟಿಫಿಕೇಟ್ ಮತ್ತು ಅದರ ಸೀಕ್ರೆಟ್ ಹಳೆಯ ನೇಮ್‌ಸ್ಪೇಸ್‌ನಲ್ಲೇ ಉಳಿದಿದ್ದವು. ಇಂಗ್ರೆಸ್ ತನ್ನ ನೇಮ್‌ಸ್ಪೇಸ್‌ನಲ್ಲಿರುವ ಸೀಕ್ರೆಟ್ ಮಾತ್ರ ನೋಡುತ್ತದೆ, ಪಕ್ಕದ ಮನೆಗೆ ಹೋಗಿ ಕೇಳುವುದಿಲ್ಲ. ಬೆಳಗ್ಗೆ ಸರ್ಟಿಫಿಕೇಟ್ ಸರಿಯಾಗಿಯೇ ಇತ್ತು. ಇದ್ದ ಜಾಗ ತಪ್ಪಾಗಿತ್ತು. ಎರಡು ನಿಮಿಷದ ಕೆಲಸವನ್ನು ಅರವತ್ತು ಕಿಲೋಮೀಟರ್ ಎಳೆದು ದೊಡ್ಡದು ಮಾಡಿದ್ದೆ.

ಕೊನೆಗೆ ಬಿಡಿಸಿಕೊಂಡದ್ದು ಹೀಗೆ. ಆ ಲೆಕ್ಕ ಇರುವುದು ಅದೇ ಹೆಸರುಗಳ ಗುಂಪಿಗೆ. ಗುಂಪಿಗೆ ಇನ್ನೊಂದು ಹೆಸರು ಸೇರಿಸಿದರೆ ಅದು ಬೇರೆ ಗುಂಪು. ಮುಂದೆ ಡಬ್ಲ್ಯುಡಬ್ಲ್ಯುಡಬ್ಲ್ಯು ಇರುವ ಹೆಸರನ್ನೂ ಸೇರಿಸಿ, ಹೊಸ ನೇಮ್‌ಸ್ಪೇಸ್‌ನಲ್ಲಿ ಹೊಸ ಸರ್ಟಿಫಿಕೇಟ್ ಕೇಳಿದೆ. ಬಂತು. ಲಾರಿ ಹೊರಟವು. ವ್ಯಾಪಾರಿ ನನಗೆ ಏನಂದರು ಅನ್ನುವುದನ್ನು ಇಲ್ಲಿ ಹೆಣ್ಣುಮಕ್ಕಳೂ ಇರುವುದರಿಂದ ಹೇಳುವುದಿಲ್ಲ. ಗಂಡುಮಕ್ಕಳು ಕೇಳುವ ಮಾತೂ ಅಲ್ಲ ಅದು.

ಆ ದಿನ ಬಸ್ಸಿನಲ್ಲಿ ನಾನು ಕೇಳದೇ ಇದ್ದ ಪ್ರಶ್ನೆ ಒಂದೇ. ಬ್ರೌಸರ್‌ಗೆ ಈ ಸರ್ಟಿಫಿಕೇಟ್ ತೋರಿಸಿದವರು ಯಾರು? ಎಚ್ಚರಿಕೆಯ ಪುಟದಲ್ಲಿ ಸರ್ಟಿಫಿಕೇಟ್ ಮೇಲೆ ಒತ್ತಿ ಹೆಸರು ಓದಿದ್ದರೆ ಸಾಕಿತ್ತು. 'ಕುಬರ್ನೆಟಿಸ್ ಇಂಗ್ರೆಸ್ ಕಂಟ್ರೋಲರ್ ಫೇಕ್ ಸರ್ಟಿಫಿಕೇಟ್' ಅಂತ ಅದರ ಹೆಸರೇ ಬರೆದಿತ್ತು. ಕಳ್ಳ ತನ್ನ ಅಂಗಿ ಮೇಲೆ ಕಳ್ಳ ಅಂತ ಬರೆದುಕೊಂಡು ಬಂದಿದ್ದ. ನಾನು ನೋಡಲಿಲ್ಲ. ಇವತ್ತು ನಾನು ಹೇಳುವುದೆಲ್ಲ ಈ ಒಂದು ಪ್ರಶ್ನೆಯ ಸುತ್ತವೇ ಇರುತ್ತದೆ. ಏನಾದರೂ ಮುಟ್ಟುವ ಮೊದಲು, ಈ ಉತ್ತರ ಕೊಟ್ಟವರು ಯಾರು ಅಂತ ಕೇಳಿ. ನಮ್ಮ ಮನೆಗಳಲ್ಲಿ ಬಾಗಿಲು ತಟ್ಟಿದರೆ 'ಯಾರದು?' ಅಂತ ಕೇಳಿಯೇ ಚಿಲಕ ತೆಗೆಯುತ್ತಾರೆ. ಅಷ್ಟೇ.

ಇಲ್ಲಿ ದುರ್ಗದವರು ಕೆಲವರಿದ್ದೀರಿ. ಇಂಗ್ರೆಸ್ ಬಗ್ಗೆ ಮಾತಾಡುತ್ತಾ ಕೋಟೆಯ ಹೋಲಿಕೆ ಕೊಡದಿದ್ದರೆ ಬಿಡುವುದಿಲ್ಲ. ಒಂದು ಸಲ ಹೇಳಿ ಮುಗಿಸುತ್ತೇನೆ. ಏಳು ಸುತ್ತಿನ ಕೋಟೆಯಲ್ಲಿ ಒಂದು ಬಾಗಿಲು ದಾಟಿದರೆ ಇನ್ನೊಂದು. ಇಲ್ಲೂ ಹಾಗೆಯೇ. ಮೊದಲು ಡಿಎನ್‌ಎಸ್, ಹೆಸರಿನಿಂದ ವಿಳಾಸ. ಆಮೇಲೆ ಬಂದವರನ್ನು ಯಂತ್ರಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್. ಆಮೇಲೆ ಇಂಗ್ರೆಸ್ ಕಂಟ್ರೋಲರ್. ಕಂಟ್ರೋಲರ್ ಸರ್ವೀಸ್‌ನ ಹೆಸರು ಹಿಡಿದು ಪಾಡ್‌ಗಳ ವಿಳಾಸದ ಪಟ್ಟಿ ತೆಗೆದುಕೊಳ್ಳುತ್ತದೆ. ಕೊನೆಗೆ ಪಾಡ್. ಕೋಟೆಗೆ ಓಬವ್ವನ ಕಿಂಡಿ ಇದ್ದ ಹಾಗೆ ಇಲ್ಲೂ ಕಿಂಡಿ ಇರುತ್ತದೆ. ಟೆಸ್ಟ್ ಮಾಡೋಕೆ ಅಂತ ಯಾರೋ ಒಂದು ನೋಡ್‌ಪೋರ್ಟ್, ಅಂದರೆ ಯಂತ್ರದ ಮೇಲೇ ಒಂದು ನೇರ ದಾರಿ, ತೆಗೆದು, 30000ದಿಂದ 32767ರ ನಡುವಿನ ಯಾವುದೋ ಒಂದು ಪೋರ್ಟ್‌ನಲ್ಲಿ, ಮುಚ್ಚೋದು ಮರೆತಿರುತ್ತಾರೆ. ಒನಕೆ ಹಿಡಿದು ಅಲ್ಲಿ ಯಾರೂ ನಿಂತಿರುವುದಿಲ್ಲ. ಕೋಟೆ ಇಲ್ಲಿಗೆ ಮುಗಿಯಿತು.

ಹೊಸಬರು ಎಡವುವ ಮೊದಲ ಜಾಗ ಒಂದಿದೆ. ಇಂಗ್ರೆಸ್ ಅಂದರೆ ಒಂದು ಚೀಟಿ. 'ಈ ಹೆಸರಿಗೆ ಬಂದವರನ್ನು ಆ ಸರ್ವೀಸ್‌ಗೆ ಕಳಿಸು' ಅಂತ ಬರೆದಿಟ್ಟ ಚೀಟಿ. ಚೀಟಿ ಓದಿ ಕೆಲಸ ಮಾಡುವವರು ಕಂಟ್ರೋಲರ್. ಕುಬರ್ನೆಟಿಸ್ ತಾನಾಗಿ ಕಂಟ್ರೋಲರ್ ಕೊಡುವುದಿಲ್ಲ, ನಾವೇ ಹಾಕಿಕೊಳ್ಳಬೇಕು. ವಾಚ್‌ಮನ್ ಇಲ್ಲದ ಗೇಟಿಗೆ ಬೋರ್ಡ್ ಬರೆದು ನೇತುಹಾಕಿ, ಯಾಕೆ ಯಾರೂ ಗೇಟು ತೆಗೆಯುತ್ತಿಲ್ಲ ಅಂತ ಕಾಯುವವರನ್ನು ನೋಡಿದ್ದೇನೆ. ಕ್ಲಸ್ಟರ್‌ಗೆ ಆಜ್ಞೆ ಕೊಡುವ ಕ್ಯೂಬ್‌ಸಿಟಿಎಲ್‌ನಲ್ಲಿ ಇಂಗ್ರೆಸ್ ಪಟ್ಟಿ ತೆಗೆಸಿ, ಅಡ್ರೆಸ್ ಕಾಲಂ ನೋಡಿ. ತುಂಬಾ ಹೊತ್ತಾದರೂ ಖಾಲಿ ಇದ್ದರೆ ಚೀಟಿಯನ್ನು ಯಾರೂ ಓದಿಲ್ಲ ಅಂತ ಅನುಮಾನ ಪಡಿ. ಕಂಟ್ರೋಲರ್ ಇದ್ದೂ ಹೀಗಾದರೆ, ಚೀಟಿಯನ್ನು ಯಾವ ಕಂಟ್ರೋಲರ್ ಓದಬೇಕು ಅಂತ ಹೇಳುವ ಇಂಗ್ರೆಸ್ ಕ್ಲಾಸ್ ನೇಮ್ ನೋಡಿ. ಕ್ಲಾಸ್ ಹೆಸರು ಬರೆದಿಲ್ಲ, ಡಿಫಾಲ್ಟ್ ಕ್ಲಾಸ್ ಕೂಡ ಇಲ್ಲ ಅಂದರೆ, 'ಇದು ನನ್ನ ಚೀಟಿ ಅಲ್ಲ' ಅಂತ ಕಂಟ್ರೋಲರ್ ಸುಮ್ನೆ ಇದ್ದುಬಿಡುತ್ತದೆ. ಹಳೆಯ ಲೇಖನದಿಂದ ವೈಎಎಂಎಲ್, ಅಂದರೆ ಈ ಚೀಟಿ ಬರೆಯುವ ಫೈಲ್, ಕಾಪಿ ಹೊಡೆದರೆ ಇನ್ನೊಂದು ಕಾಟ. ಇಂಗ್ರೆಸ್‌ನ ವಿ1 ರೂಪ 2020ರಲ್ಲಿ ಕುಬರ್ನೆಟಿಸ್ 1.19ರ ಜೊತೆ ಬಂತು. ಹಳೆಯ ಬೀಟಾ ರೂಪಗಳನ್ನು 2021ರಲ್ಲಿ 1.22ರಲ್ಲಿ ತೆಗೆದೇ ಹಾಕಿದರು. ಆ ಬೀಟಾ ರೂಪದ ವೈಎಎಂಎಲ್ ಇವತ್ತು ಓಡುವುದಿಲ್ಲ.

ಈಗ ಸೈಟ್ ಕೆಟ್ಟಾಗ ಬ್ರೌಸರ್ ತೋರಿಸುವ ಅಂಕಿಗಳಿಗೆ ಬರೋಣ. 404, 502, 503, 504. ಎಲ್ಲವನ್ನೂ 'ಸೈಟ್ ಡೌನ್' ಅಂತ ಒಂದೇ ಚೀಲಕ್ಕೆ ತುಂಬುತ್ತಾರೆ. ಒಂದೊಂದೂ ಬೇರೆ ಬಾಗಿಲಿನಿಂದ ಬರುವ ಮಾತು.

404 ನೋಡಿ. ಇದನ್ನು ಇಬ್ಬರು ಹೇಳಬಹುದು. 'ಈ ಹೆಸರು, ಈ ದಾರಿ ನನ್ನ ಚೀಟಿಯಲ್ಲಿ ಇಲ್ಲ' ಅಂತ ಕಂಟ್ರೋಲರ್ ಹೇಳಬಹುದು. ಅಥವಾ 'ಇಂಥ ಪುಟ ನನ್ನಲ್ಲಿಲ್ಲ' ಅಂತ ನಿಮ್ಮ ಆ್ಯಪ್ ಹೇಳಬಹುದು. ಪುಟದ ಮುಖ ನೋಡಿದರೇ ಗೊತ್ತಾಗುತ್ತದೆ. ಬಿಳಿ ಹಾಳೆ, ನಡುವೆ 404, ಕೆಳಗೆ ಎಂಜಿನ್‌ಎಕ್ಸ್ ಅಂತಿದ್ದರೆ ಹೆಚ್ಚಾಗಿ ಕಂಟ್ರೋಲರ್ ಮಾತು. ನಿಮ್ಮ ಆ್ಯಪ್‌ನ ಬಣ್ಣ, ಲೋಗೋ ಇದ್ದರೆ ವಿನಂತಿ ಪಾಡ್‌ವರೆಗೆ ಹೋಗಿ ಬಂದಿದೆ. ಗಟ್ಟಿ ಮಾಡಿಕೊಳ್ಳಲು ಕಂಟ್ರೋಲರ್ ಲಾಗ್ ನೋಡಿ. ಸಾಲಿನ ಕೊನೆಯ ಕಡೆ ಅಪ್‌ಸ್ಟ್ರೀಮ್, ಅಂದರೆ ಮುಂದೆ ಕಳಿಸಿದ ಜಾಗದ, ವಿಳಾಸ ನಿಮ್ಮ ಪಾಡ್‌ನದ್ದಾದರೆ ಪಾಡ್‌ಗೆ ತಲುಪಿದೆ, ಬರೀ ಗೆರೆಯೋ ಕಂಟ್ರೋಲರ್‌ನದ್ದೇ 127.0.0.1 ವಿಳಾಸವೋ ಇದ್ದರೆ ಬಾಗಿಲಲ್ಲೇ ತಿರುಗಿದೆ. ಕಂಟ್ರೋಲರ್‌ನ 404 ಆದರೆ ಹೋಸ್ಟ್ ಹೆಸರಿನ ಕಾಗುಣಿತ ನೋಡಿ, ಪಾತ್ ನೋಡಿ. ಆ್ಯಪ್‌ನ 404 ಆದರೆ ರೀರೈಟ್, ಅಂದರೆ ಒಳಗೆ ಕಳಿಸುವಾಗ ದಾರಿಯ ಹೆಸರು ಬದಲಿಸುವ ನಿಯಮ, ನೋಡಿ. ಹೊರಗೆ ಎಪಿಐ ಅನ್ನುವ ದಾರಿ ಸೇರಿಸಿ ಕೇಳುತ್ತೀರಿ, ಒಳಗಿನ ಆ್ಯಪ್‌ಗೆ ಆ ದಾರಿ ಗೊತ್ತಿಲ್ಲ. ಅಥವಾ ರೀರೈಟ್ ಎಲ್ಲವನ್ನೂ ಕತ್ತರಿಸಿ ಯಾವ ಪುಟ ಕೇಳಿದರೂ ಮುಖಪುಟಕ್ಕೇ ಕಳಿಸುತ್ತಿದೆ.

503 ಅಂದರೆ ಕಂಟ್ರೋಲರ್ ಚೀಟಿ ಓದಿದೆ, ದಾರಿ ಗೊತ್ತಾಗಿದೆ, ಆದರೆ ಕಳಿಸೋಕೆ ಪಾಡ್ ಒಂದೂ ಇಲ್ಲ. ಎಂಡ್‌ಪಾಯಿಂಟ್ ಪಟ್ಟಿ, ಅಂದರೆ ಸರ್ವೀಸ್ ಹಿಂದಿನ ಪಾಡ್‌ಗಳ ವಿಳಾಸದ ಪಟ್ಟಿ, ತೆಗೆಸಿ ನೋಡಿ, ಖಾಲಿ ಇರುತ್ತದೆ. 'ಪಾಡ್ ರನ್ನಿಂಗ್ ಅಂತ ತೋರಿಸುತ್ತಿದೆಯಲ್ಲ ಸಾರ್' ಅನ್ನುತ್ತಾರೆ. ರನ್ನಿಂಗ್ ಇರಬಹುದು, ರೆಡಿ ಇದೆಯಾ? 'ಕೆಲಸಕ್ಕೆ ಸಿದ್ಧವಾ?' ಅಂತ ನೋಡುವ ರೆಡಿನೆಸ್ ಪ್ರೋಬ್ ಪಾಸಾಗದ ಪಾಡ್ ಪಟ್ಟಿಗೆ ಸೇರುವುದಿಲ್ಲ. ಇನ್ನೊಂದು ಕಾರಣ ಲೇಬಲ್. ಸರ್ವೀಸ್ ತನ್ನ ಸೆಲೆಕ್ಟರ್‌ನಲ್ಲಿ ಬರೆದ ಲೇಬಲ್ ಇರುವ ಪಾಡ್‌ಗಳನ್ನು ಮಾತ್ರ ಆರಿಸುತ್ತದೆ. ನಮ್ಮ ಹುಡುಗನೊಬ್ಬ ಪಾಡ್ ಲೇಬಲ್‌ನಲ್ಲಿ ಬಿಲ್ಲಿಂಗ್ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ಎರಡು ಎಲ್ ಬರೆದಿದ್ದ, ಸರ್ವೀಸ್‌ನ ಸೆಲೆಕ್ಟರ್‌ನಲ್ಲಿ ಒಂದು ಎಲ್. ಇಬ್ಬರು ಸೇರಿ ಒಂದು ಮಧ್ಯಾಹ್ನ ಕಳೆದೆವು. ಕುಬರ್ನೆಟಿಸ್ ಇದನ್ನು ತಪ್ಪು ಅಂತ ಹೇಳುವುದೇ ಇಲ್ಲ. ಒಂದು ಎಲ್ ಇರುವ ಪಾಡ್‌ಗಾಗಿ ಸರ್ವೀಸ್ ತಾಳ್ಮೆಯಿಂದ ಕಾಯುತ್ತಾ ಇರುತ್ತದೆ, ಅಷ್ಟೇ.

502 ಸ್ವಲ್ಪ ಸ್ವಾರಸ್ಯದ್ದು, ಇಲ್ಲಿ ನಿಧಾನ ಮಾಡುತ್ತೇನೆ. ಪಾಡ್ ಪಟ್ಟಿಯಲ್ಲಿದೆ, ಕಂಟ್ರೋಲರ್ ಹೋಗಿ ಬಾಗಿಲು ತಟ್ಟಿದೆ, ಆದರೆ ಒಳಗಿನಿಂದ ಅರ್ಥವಾಗುವ ಉತ್ತರ ಬಂದಿಲ್ಲ. ಸಾಮಾನ್ಯ ಕಾರಣ ಟಾರ್ಗೆಟ್ ಪೋರ್ಟ್ ತಪ್ಪು. ಆ್ಯಪ್ 8080ರಲ್ಲಿ ಕೂತಿದೆ, ಸರ್ವೀಸ್ 3000ಕ್ಕೆ ಕಳಿಸುತ್ತಿದೆ. ಇದು ಬೇಗ ಸಿಗುತ್ತದೆ. ಸಿಗದೆ ಸತಾಯಿಸುವುದು ಇನ್ನೊಂದು. ಆ್ಯಪ್ 127.0.0.1 ಮೇಲೆ ಮಾತ್ರ ಕಿವಿಗೊಟ್ಟು ಕೂತಿರುತ್ತದೆ. ಅಂದರೆ ಪಾಡ್ ಒಳಗಿನವರು ಕರೆದರೆ ಮಾತ್ರ ಓಗೊಡುತ್ತದೆ, ಹೊರಗಿನಿಂದ ಕಂಟ್ರೋಲರ್ ಕರೆದರೆ ಕೇಳಿಸುವುದಿಲ್ಲ. ನಮ್ಮ ಲ್ಯಾಪ್‌ಟಾಪ್‌ನಲ್ಲಿ ಡೆವಲಪ್ ಮಾಡುವಾಗ ಎಷ್ಟೋ ಫ್ರೇಮ್‌ವರ್ಕ್‌ಗಳು ಹೀಗೆಯೇ ಶುರುವಾಗುತ್ತವೆ, ಅದೇ ಸೆಟ್ಟಿಂಗ್ ಕಂಟೇನರ್‌ಗೂ ಹೋಗಿರುತ್ತದೆ.

ಇಲ್ಲಿ ಮೋಸ ಮಾಡುವುದು ಪೋರ್ಟ್ ಫಾರ್ವರ್ಡ್. ಅದು ಪಾಡ್‌ನ ಒಳಗೇ ಹೋಗಿ ಲೋಕಲ್‌ಹೋಸ್ಟ್‌ನಲ್ಲಿ ಕರೆಯುತ್ತದೆ. ಹಾಗಾಗಿ ಪುಟ ಚೆನ್ನಾಗಿ ಬರುತ್ತದೆ. ಇಂಗ್ರೆಸ್ ಮೂಲಕ 502. ಆಗ ಜನ 'ಆ್ಯಪ್ ಸರಿ ಇದೆ, ಇಂಗ್ರೆಸ್ಸೇ ಕೆಟ್ಟಿದೆ' ಅಂತ ತೀರ್ಪು ಕೊಟ್ಟು ಇಂಗ್ರೆಸ್ ಬಿಚ್ಚೋಕೆ ಶುರು ಮಾಡುತ್ತಾರೆ. ಸರ್ವೀಸ್‌ಗೆ ಪೋರ್ಟ್ ಫಾರ್ವರ್ಡ್ ಮಾಡಿದರೂ ಅಷ್ಟೇ. ಅದು ಸರ್ವೀಸ್ ಹಿಂದಿನ ಒಂದು ಪಾಡ್ ಆರಿಸಿಕೊಂಡು ನೇರ ಅಲ್ಲಿಗೇ ಹೋಗುತ್ತದೆ. ನಾನು ಆ ಭಾನುವಾರ ರಾತ್ರಿ ಪೋರ್ಟ್ ಫಾರ್ವರ್ಡ್ ನಂಬಿಯೇ ಮಲಗಿದ್ದು. ಅದು ನೋಡಿದ್ದು ಕೊನೆಯ ಕೋಣೆಯನ್ನು. ವ್ಯಾಪಾರಿ ಬರುವುದು ಮುಂಬಾಗಿಲಿನಿಂದ. ಸರಿಯಾದ ಪರೀಕ್ಷೆ ಬೇಕಾದರೆ ಅದೇ ಕ್ಲಸ್ಟರ್‌ನಲ್ಲಿ ಇನ್ನೊಂದು ತಾತ್ಕಾಲಿಕ ಪಾಡ್ ಎಬ್ಬಿಸಿ, ಅಲ್ಲಿಂದ ಈ ಪಾಡ್‌ನ ಐಪಿ ವಿಳಾಸಕ್ಕೆ ಕರ್ಲ್ ಅನ್ನುವ ಆಜ್ಞೆಯಿಂದ ಪುಟ ಕೇಳಿ. ಆಮೇಲೆ ಸರ್ವೀಸ್ ಹೆಸರಿಗೆ. ಆಮೇಲೆ ಹೊರಗಿನಿಂದ.

504 ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆ್ಯಪ್ 60 ಸೆಕೆಂಡ್‌ನಲ್ಲಿ ಉತ್ತರ ಕೊಡಲಿಲ್ಲ, ಕಂಟ್ರೋಲರ್ ಕಾದು ಎದ್ದು ಹೋಯಿತು. ವರ್ಷದ ಕೊನೆಯ ರಿಪೋರ್ಟ್ ತೆಗೆಯುವಾಗ ಬರುತ್ತದೆ. ಕಾಯುವ ಹೊತ್ತು ಹೆಚ್ಚಿಸಬಹುದು, ಆದರೆ ಆ ಕ್ವೆರಿ ಸರಿಮಾಡುವುದೇ ಮೇಲು. 413 ಒಂದಿದೆ. ತೂಕದ ಚೀಟಿಯ ಫೋಟೋ ಅಪ್‌ಲೋಡ್ ಆಗುತ್ತಿಲ್ಲ ಅಂತ ನಮಗೆ ಫೋನ್ ಬರುತ್ತಿತ್ತು. ಕೆಲವರಿಗೆ ಆಗುತ್ತಿತ್ತು, ಕೆಲವರಿಗಿಲ್ಲ. ಹೊಸ ಫೋನ್ ಕೊಂಡವರಿಗೇ ಆಗುತ್ತಿರಲಿಲ್ಲ! ಅವರ ಫೋಟೋ ದೊಡ್ಡದು. ಇಂಗ್ರೆಸ್-ಎಂಜಿನ್‌ಎಕ್ಸ್ ಸುಮ್ನೆ ಬಿಟ್ಟರೆ 1 ಎಂಬಿಗಿಂತ ದೊಡ್ಡದನ್ನು ಒಳಗೆ ಬಿಡುವುದಿಲ್ಲ.

ಇನ್ನು ಸರ್ಟಿಫಿಕೇಟ್. ಇಲ್ಲೂ ಪ್ರಶ್ನೆ ಅದೇ, ತೋರಿಸಿದವರು ಯಾರು. ಸರ್ಟಿಫಿಕೇಟ್ ಕೆಲಸಕ್ಕೆ ಬಳಸುವ ಓಪನ್‌ಎಸ್‌ಎಸ್‌ಎಲ್‌ ಅನ್ನುವ ಸಾಧನದಲ್ಲಿ ಎಸ್-ಕ್ಲೈಂಟ್ ಅಂತ ಒಂದು ಆಜ್ಞೆ ಇದೆ. ಸೈಟಿನ 443ಕ್ಕೆ ಹೋಗಿ ಅಲ್ಲಿ ಕೊಟ್ಟ ಸರ್ಟಿಫಿಕೇಟ್ ತೋರಿಸುತ್ತದೆ. ಸರ್ವರ್‌ನೇಮ್ ಆಯ್ಕೆಯಲ್ಲಿ ಸೈಟಿನ ಹೆಸರು ಕೊಡುವ ರೂಢಿ ಇಟ್ಟುಕೊಳ್ಳಿ. ಒಂದೇ ಐಪಿ ಮೇಲೆ ಹತ್ತು ಸೈಟ್ ಇರುತ್ತವೆ. ಯಾವ ಹೆಸರು ಹೇಳಿಕೊಂಡು ಬಂದಿರಿ ಅನ್ನುವುದರ ಮೇಲೆ ಕಂಟ್ರೋಲರ್ ಸರ್ಟಿಫಿಕೇಟ್ ಆರಿಸುತ್ತದೆ. ವಿಶೇಷವಾಗಿ ಐಪಿ ವಿಳಾಸಕ್ಕೆ ನೇರ ಹೋಗಿ ನೋಡುವಾಗ ಹೆಸರು ಹೇಳದಿದ್ದರೆ ಡಿಫಾಲ್ಟ್ ಸರ್ಟಿಫಿಕೇಟ್ ಬರುತ್ತದೆ, ನೀವು ಇಲ್ಲದ ರೋಗಕ್ಕೆ ಮದ್ದು ಹುಡುಕುತ್ತೀರಿ.

ಬಂದದ್ದರಲ್ಲಿ ಮೂರು ಸಾಲು ಓದಿ. ಯಾರ ಹೆಸರಿಗೆ ಕೊಟ್ಟಿದ್ದು, ಯಾರು ಕೊಟ್ಟಿದ್ದು, ಯಾವಾಗಿನಿಂದ ಯಾವಾಗಿನವರೆಗೆ. ಫೇಕ್ ಸರ್ಟಿಫಿಕೇಟ್ ಅಂತಿದ್ದರೆ ಕಂಟ್ರೋಲರ್‌ಗೆ ನಿಮ್ಮ ಸೀಕ್ರೆಟ್ ಸಿಕ್ಕಿಲ್ಲ. ನನ್ನ ಕಥೆ. ನೇಮ್‌ಸ್ಪೇಸ್, ಸೀಕ್ರೆಟ್‌ನ ಹೆಸರು, ಟಿಎಲ್‌ಎಸ್ ಭಾಗದಲ್ಲಿ ಬರೆದ ಹೋಸ್ಟ್, ಇವನ್ನು ನೋಡಿ. ಕಂಟ್ರೋಲರ್ ಲಾಗ್‌ನಲ್ಲೂ ಸೀಕ್ರೆಟ್ ಸಿಗಲಿಲ್ಲ ಅಂತ ಬರೆದಿರುತ್ತದೆ. ಕೊಟ್ಟವರ ಹೆಸರು ಯಾವುದೋ ಸಿಡಿಎನ್, ಅಂದರೆ ಸೈಟಿನ ಮುಂದೆ ನಿಂತು ಪುಟ ಹಂಚುವ ಸೇವೆ, ಬಳಸುವ ಸಂಸ್ಥೆಯದ್ದಾದರೆ, ನೀವು ನೋಡುತ್ತಿರುವುದು ನಿಮ್ಮ ಕ್ಲಸ್ಟರ್ ಅನ್ನೇ ಅಲ್ಲ, ಅದರ ಮುಂದೆ ನಿಂತಿರುವ ಸಿಡಿಎನ್ ಅನ್ನು. ಕ್ಲಸ್ಟರ್‌ನಲ್ಲಿ ಎಷ್ಟು ಕೆದಕಿದರೂ ಏನೂ ಬದಲಾಗುವುದಿಲ್ಲ. ಒಂದು ಕಾಲೇಜಿನ ಲ್ಯಾಬ್‌ನಲ್ಲಿ ಎಲ್ಲ ಸೈಟೂ ಕೆಂಪಾಗಿತ್ತು. ಕೊಟ್ಟವರ ಹೆಸರು ಓದಿದರೆ ಆ ಕಾಲೇಜಿನದ್ದೇ ಫೈರ್‌ವಾಲ್. ಮಧ್ಯೆ ಕೂತು ಎಲ್ಲವನ್ನೂ ಬಿಚ್ಚಿ ನೋಡಿ ತನ್ನ ಸರ್ಟಿಫಿಕೇಟ್ ಅಂಟಿಸಿ ಕಳಿಸುತ್ತಿತ್ತು.

'ಲ್ಯಾಪ್‌ಟಾಪ್‌ನಲ್ಲಿ ಬರುತ್ತೆ, ಮೊಬೈಲ್ ಆ್ಯಪ್‌ನಲ್ಲಿ ಬರಲ್ಲ' ಅನ್ನುವ ದೂರು ಬಂದರೆ ಮೊದಲು ಚೈನ್ ನೋಡಿ. ನಿಮ್ಮ ಸರ್ಟಿಫಿಕೇಟ್‌ಗೆ ಸಹಿ ಹಾಕುವವರು ಮಧ್ಯದ ಒಂದು ಇಂಟರ್‌ಮೀಡಿಯೇಟ್, ಅದಕ್ಕೆ ಸಹಿ ಹಾಕಿದ್ದು ಬ್ರೌಸರ್ ಮೊದಲೇ ನಂಬಿರುವ ರೂಟ್. ಸರ್ವರ್ ತನ್ನದರ ಜೊತೆ ಮಧ್ಯದ್ದನ್ನೂ ಕೊಡಬೇಕು. ಕೊಡದಿದ್ದರೂ ಲ್ಯಾಪ್‌ಟಾಪ್ ಬ್ರೌಸರ್ ಎಲ್ಲಿಂದಲೋ ತಂದು ಜೋಡಿಸಿಕೊಳ್ಳುತ್ತದೆ. ಮೊಬೈಲ್ ಆ್ಯಪ್, ಕರ್ಲ್ ಅಷ್ಟು ಉದಾರಿಗಳಲ್ಲ. ದುಡ್ಡು ಕೊಟ್ಟು ತಂದ ಸರ್ಟಿಫಿಕೇಟ್ ಅನ್ನು ಕೈಯಾರೆ ಸೀಕ್ರೆಟ್ ಮಾಡುವಾಗ ಇದು ಜಾಸ್ತಿ ಆಗುತ್ತದೆ. ಝಿಪ್ ಫೈಲ್‌ನಲ್ಲಿ ಎರಡು ಫೈಲ್ ಕೊಟ್ಟಿರುತ್ತಾರೆ, ನಾವು ಒಂದನ್ನೇ ಹಾಕುತ್ತೇವೆ. ಎರಡನ್ನೂ ಒಂದೇ ಫೈಲ್‌ಗೆ ಸೇರಿಸಿ, ನಿಮ್ಮದು ಮೇಲೆ, ಮಧ್ಯದ್ದು ಕೆಳಗೆ. ರೂಟ್ ಕೂಡ ಮುದುಕಾಗುತ್ತದೆ. 2021ರ ಸೆಪ್ಟೆಂಬರ್ 30ರಂದು ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಅನ್ನುವ ಹಳೆಯ ರೂಟ್‌ನ ಅವಧಿ ಮುಗಿದಾಗ, ಸರ್ವರ್‌ನಲ್ಲಿ ಯಾರೂ ಏನೂ ಮುಟ್ಟದೆಯೂ ಹಳೆಯ ಓಪನ್‌ಎಸ್‌ಎಸ್‌ಎಲ್ ಇದ್ದ ಯಂತ್ರಗಳು ಲೆಟ್ಸ್ ಎನ್‌ಕ್ರಿಪ್ಟ್ ಸೈಟ್‌ಗಳನ್ನು ನಂಬುವುದು ಬಿಟ್ಟವು.

ಸರ್ಟ್-ಮ್ಯಾನೇಜರ್ ಬಳಸುವವರು ಕೈ ಎತ್ತಿ. ಜಾಸ್ತಿ ಜನ ಇದ್ದೀರಿ. ಸರ್ಟಿಫಿಕೇಟ್ 'ರೆಡಿ: ಫಾಲ್ಸ್' ಅಂತ ನಿಂತುಬಿಟ್ಟರೆ ಏನು ನೋಡುತ್ತೀರಿ? ಸರ್ಟಿಫಿಕೇಟ್ ಅನ್ನೇ ಮತ್ತೆ ಮತ್ತೆ ನೋಡುತ್ತೇವೆ, ಅಲ್ವಾ. ಅದರಲ್ಲಿ 'ಕಾಯುತ್ತಿದ್ದೇನೆ' ಅನ್ನುವುದು ಬಿಟ್ಟು ಬೇರೇನೂ ಇರುವುದಿಲ್ಲ. ಇದು ತಾಲೂಕು ಆಫೀಸಿನ ಫೈಲ್ ಇದ್ದ ಹಾಗೆ. ಮೊದಲ ಟೇಬಲ್‌ನಲ್ಲಿ ಕೇಳಿದರೆ ಮೇಲೆ ಹೋಗಿದೆ ಅನ್ನುತ್ತಾರೆ. ಸರ್ಟಿಫಿಕೇಟ್, ಅದರಿಂದ ಸರ್ಟಿಫಿಕೇಟ್ ರಿಕ್ವೆಸ್ಟ್, ಅದರಿಂದ ಆರ್ಡರ್, ಅದರಿಂದ ಚಾಲೆಂಜ್. ಫೈಲ್ ಕೂತಿರುವ ಕೊನೆಯ ಟೇಬಲ್‌ಗೆ ಹೋಗಿ. ಸಾಮಾನ್ಯವಾಗಿ ಅದು ಚಾಲೆಂಜ್, ಅಂದರೆ ಸೈಟ್ ನಿಮ್ಮದೇ ಅಂತ ತೋರಿಸುವ ಪರೀಕ್ಷೆ. ಅದನ್ನು ಡಿಸ್ಕ್ರೈಬ್ ಮಾಡಿದರೆ ಕಾರಣ ಒಂದು ಸಾಲಿನಲ್ಲಿ ಇರುತ್ತದೆ.

ಎಚ್‌ಟಿಟಿಪಿ-01 ಚಾಲೆಂಜ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್‌ನವರು ನಿಮ್ಮ ಸೈಟಿನ 80ನೇ ಪೋರ್ಟ್‌ಗೆ ಬಂದು ಒಂದು ಗುರುತಿನ ಫೈಲ್ ಕೇಳುತ್ತಾರೆ. 'ನಮ್ಮದೆಲ್ಲ ಎಚ್‌ಟಿಟಿಪಿಎಸ್, 80 ಯಾಕೆ' ಅಂತ ಫೈರ್‌ವಾಲ್‌ನಲ್ಲಿ 80 ಮುಚ್ಚಿದವರು ಸಿಕ್ಕಿಬೀಳುತ್ತಾರೆ. 80ರಿಂದ 443ಕ್ಕೆ ರೀಡೈರೆಕ್ಟ್ ಇದ್ದರೆ ತೊಂದರೆಯಿಲ್ಲ, ಅವರು ಹಿಂಬಾಲಿಸಿ ಬರುತ್ತಾರೆ. 80 ತೆರೆದಿರಬೇಕು, ಅಷ್ಟೇ. ಇನ್ನೊಂದು ಐಪಿವಿ6. ಹೊಸ ಸರ್ವರ್‌ಗೆ ಸಾಗಿಸುವಾಗ ಡಿಎನ್‌ಎಸ್‌ನಲ್ಲಿ ಐಪಿವಿ4 ವಿಳಾಸ ಹೇಳುವ ಎ ರೆಕಾರ್ಡ್ ಬದಲಿಸುತ್ತೇವೆ, ಐಪಿವಿ6 ವಿಳಾಸ ಹೇಳುವ ಹಳೆಯ ಎಎಎಎ ರೆಕಾರ್ಡ್ ಮರೆಯುತ್ತೇವೆ. ನಮ್ಮ ಮನೆಯ ಇಂಟರ್ನೆಟ್ ಐಪಿವಿ4ರಲ್ಲೇ ಹೋಗುತ್ತದೆ, ಎಲ್ಲ ಸರಿ ಕಾಣುತ್ತದೆ. ಅವರು ಐಪಿವಿ6 ಇದ್ದರೆ ಮೊದಲು ಅಲ್ಲಿಗೆ ಹೋಗುತ್ತಾರೆ, ಹಳೆಯ ಸರ್ವರ್ ಬಾಗಿಲು ತಟ್ಟಿ ವಾಪಸ್ ಬರುತ್ತಾರೆ. ಕೆಲವು ಕ್ಲಸ್ಟರ್‌ಗಳಲ್ಲಿ ಇನ್ನೂ ವಿಚಿತ್ರ. ಲೆಟ್ಸ್ ಎನ್‌ಕ್ರಿಪ್ಟ್‌ಗೆ ಹೇಳುವ ಮೊದಲು ಸರ್ಟ್-ಮ್ಯಾನೇಜರ್ ತಾನೇ ಒಮ್ಮೆ ಆ ಫೈಲ್ ತೆರೆದು ನೋಡುತ್ತದೆ. ಕ್ಲಸ್ಟರ್ ಒಳಗಿನಿಂದ ತನ್ನದೇ ಹೊರಗಿನ ಐಪಿಗೆ ಹೋಗಲು ನೆಟ್‌ವರ್ಕ್ ಬಿಡದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇಡೀ ಜಗತ್ತಿಗೆ ಕಾಣುತ್ತದೆ, ಅದಕ್ಕೆ ಮಾತ್ರ ಕಾಣುವುದಿಲ್ಲ.

ವೈಲ್ಡ್‌ಕಾರ್ಡ್, ಅಂದರೆ ಒಂದು ಡೊಮೇನ್‌ನ ಎಲ್ಲ ಉಪಹೆಸರಿಗೂ ಒಂದೇ ಸರ್ಟಿಫಿಕೇಟ್, ಬೇಕಾದರೆ ಎಚ್‌ಟಿಟಿಪಿ-01 ನಡೆಯುವುದಿಲ್ಲ, ಡಿಎನ್‌ಎಸ್‌ನಲ್ಲಿ ಗುರುತು ಬರೆದು ತೋರಿಸುವ ಡಿಎನ್‌ಎಸ್-01 ಬಳಸಿ. ಮತ್ತೆ, ಪ್ರಯೋಗ ಏನೇ ಇದ್ದರೂ ಲೆಟ್ಸ್ ಎನ್‌ಕ್ರಿಪ್ಟ್‌ನವರು ಪರೀಕ್ಷೆಗೇ ಇಟ್ಟಿರುವ ಸ್ಟೇಜಿಂಗ್ ಸರ್ವರ್ ಮೇಲೆ ಮಾಡಿ. ಅಲ್ಲಿ ಮಿತಿ ತುಂಬಾ ಸಡಿಲ. ನನ್ನ ಬಸ್ಸಿನ ಕಥೆ ನಿಮ್ಮದಾಗುವುದು ಬೇಡ.

ಅವಧಿಯ ವಿಷಯ. ಲೆಟ್ಸ್ ಎನ್‌ಕ್ರಿಪ್ಟ್‌ನ ಸಾಮಾನ್ಯ ಸರ್ಟಿಫಿಕೇಟ್ 90 ದಿನದ್ದು. ಸರ್ಟ್-ಮ್ಯಾನೇಜರ್ ಸುಮ್ನೆ ಬಿಟ್ಟರೆ ಮೂರರಲ್ಲಿ ಎರಡು ಪಾಲು ಅವಧಿ ಮುಗಿದಾಗ ಹೊಸದು ಕೇಳುತ್ತದೆ. ಅಂದರೆ ನವೀಕರಣ ಕೆಟ್ಟರೂ ನಿಮಗೆ 30 ದಿನ ಇರುತ್ತದೆ. ಸರ್ಟಿಫಿಕೇಟ್ ಸತ್ತು ಸೈಟ್ ನಿಂತ ದಿನ ಅಂದರೆ, ತೊಂದರೆ ಶುರುವಾಗಿ ಒಂದು ತಿಂಗಳಾಗಿದೆ, ಯಾರೂ ನೋಡಿಲ್ಲ ಅಂತ ಅರ್ಥ. ಮೊದಲು ಅವಧಿ ಮುಗಿಯುತ್ತಿದೆ ಅಂತ ಲೆಟ್ಸ್ ಎನ್‌ಕ್ರಿಪ್ಟ್‌ನವರೇ ಮೇಲ್ ಕಳಿಸುತ್ತಿದ್ದರು. 2025ರ ಜೂನ್ 4ರಿಂದ ಅದನ್ನು ನಿಲ್ಲಿಸಿದ್ದಾರೆ. ಅವಧಿಯೂ ಚಿಕ್ಕದಾಗುತ್ತಿದೆ. ಸಾರ್ವಜನಿಕ ಸರ್ಟಿಫಿಕೇಟ್‌ಗಳ ಗರಿಷ್ಠ ಅವಧಿ 2029ರ ಮಾರ್ಚ್ 15ರಿಂದ 47 ದಿನಕ್ಕೆ ಇಳಿಯುತ್ತದೆ ಅಂತ, ಸರ್ಟಿಫಿಕೇಟ್ ಕೊಡುವವರು ಅಂದರೆ ಸಿಎಗಳು ಮತ್ತು ಬ್ರೌಸರ್‌ನವರು ಸೇರಿದ ಸಿಎ-ಬ್ರೌಸರ್ ಫೋರಂ ತೀರ್ಮಾನಿಸಿದೆ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡು ಕೈಯಿಂದ ಬದಲಿಸುವ ಕಾಲ ಮುಗಿಯಿತು. ಹೊರಗಿನಿಂದ, ಅಂದರೆ ಕ್ಲಸ್ಟರ್‌ನ ಹೊರಗಿನ ಯಾವುದಾದರೂ ಯಂತ್ರದಿಂದ, ದಿನಕ್ಕೊಮ್ಮೆ ನಿಮ್ಮ ಸೈಟ್ ತೋರಿಸುವ ಸರ್ಟಿಫಿಕೇಟ್‌ಗೆ ಎಷ್ಟು ದಿನ ಉಳಿದಿದೆ ಅಂತ ನೋಡಿ, 20 ದಿನಕ್ಕಿಂತ ಕಮ್ಮಿ ಇದ್ದರೆ ನಿಮ್ಮ ಫೋನ್ ಒದರುವ ಹಾಗೆ ಮಾಡಿ. ಒಳಗಿನ ಸೀಕ್ರೆಟ್ ನೋಡಿದರೆ ಸಾಲದು. ನನ್ನ ಸೀಕ್ರೆಟ್ ಒಳಗೆ ಚೆನ್ನಾಗಿಯೇ ಇತ್ತು!

ಕ್ಲಸ್ಟರ್‌ನ ಒಳಗಿನ ಸರ್ಟಿಫಿಕೇಟ್ ಬಗ್ಗೆ ಒಂದೇ ಮಾತು. ಕ್ಯೂಬ್‌ಎಡಿಎಂ ಅನ್ನುವ ಸಾಧನ ಬಳಸಿ ಕಟ್ಟಿದ ಕ್ಲಸ್ಟರ್‌ನಲ್ಲಿ, ನಮ್ಮ ಆಜ್ಞೆ ಕೇಳುವ ಎಪಿಐ ಸರ್ವರ್ ಮುಂತಾದವುಗಳ ಸರ್ಟಿಫಿಕೇಟ್ 1 ವರ್ಷದ್ದು, ಅವಕ್ಕೆ ಸಹಿ ಹಾಕುವ ಸಿಎ 10 ವರ್ಷದ್ದು. ಅಪ್‌ಗ್ರೇಡ್ ಮಾಡುತ್ತಾ ಇದ್ದರೆ ತಾನಾಗಿ ಹೊಸದಾಗುತ್ತದೆ. 'ಓಡ್ತಾ ಇದೆಯಲ್ಲ, ಮುಟ್ಟೋದು ಬೇಡ' ಅಂತ ಬಿಟ್ಟವರಿಗೆ ಮುಂದಿನ ವರ್ಷ ಅದೇ ದಿನ ಕ್ಯೂಬ್‌ಸಿಟಿಎಲ್ ಕೈ ಕೊಡುತ್ತದೆ. ಪಾಡ್‌ಗಳು ಓಡುತ್ತಲೇ ಇರುತ್ತವೆ. ನಿಮ್ಮ ಮಾತು ಮಾತ್ರ ಯಾರೂ ಕೇಳುವುದಿಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಆಗಲೇ ಕೇಳಿದರು, ಇಂಗ್ರೆಸ್-ಎಂಜಿನ್‌ಎಕ್ಸ್ ನಿಲ್ಲಿಸಿದರಂತಲ್ಲ ಅಂತ. ಹೌದು. 2026ರ ಮಾರ್ಚ್‌ವರೆಗೆ ಮಾತ್ರ ಕೈಲಾದಷ್ಟು ನೋಡಿಕೊಳ್ಳುತ್ತೇವೆ, ಆಮೇಲೆ ಭದ್ರತೆಯ ತಿದ್ದುಪಡಿಯೂ ಬರುವುದಿಲ್ಲ ಅಂತ ಕುಬರ್ನೆಟಿಸ್‌ನವರು 2025ರ ನವೆಂಬರ್‌ನಲ್ಲಿ ಹೇಳಿದರು. ನಿಂತದ್ದು ಆ ಒಂದು ಕಂಟ್ರೋಲರ್. ಇಂಗ್ರೆಸ್ ಅನ್ನುವ ಎಪಿಐ ಇದೆ, ಬೇರೆ ಕಂಟ್ರೋಲರ್‌ಗಳೂ ಇವೆ. ಹೊಸದಾಗಿ ಶುರು ಮಾಡುವವರು 2023ರಲ್ಲಿ 1.0 ಆದ, ಇಂಗ್ರೆಸ್‌ನ ಮುಂದಿನ ರೂಪ ಅನ್ನಬಹುದಾದ ಗೇಟ್‌ವೇ ಎಪಿಐ ಕಲಿಯಿರಿ ಅನ್ನುವುದು ನನ್ನ ಅಭಿಪ್ರಾಯ. ನಾವಿನ್ನೂ ಸಾಗಿಸುತ್ತಾ ಇದ್ದೇವೆ. ಈ ಸಲ ನೇಮ್‌ಸ್ಪೇಸ್ ಎರಡು ಸಲ ನೋಡಿಕೊಂಡು.

ಮಾತು ಸಾಕು. ಮುಂದಿನ ಸಾಲಿನ ಲ್ಯಾಪ್‌ಟಾಪ್‌ಗಳಲ್ಲಿ ಕೈಂಡ್ ಅನ್ನುವ ಸಾಧನ ಹಾಕಿ ಒಂದು ಸಣ್ಣ ಕ್ಲಸ್ಟರ್ ಎಬ್ಬಿಸಿಟ್ಟಿದ್ದೇನೆ. ಮೂರು ಕಡೆ ನಾನೇ ಕೆಡಿಸಿದ್ದೇನೆ. ಈಗ ಮೊದಲ ಪುಟ 503 ತೋರಿಸುತ್ತಿದೆ. ಅದು ಸರಿಯಾದರೆ 502 ಬರುತ್ತದೆ, ಅದೂ ಸರಿಯಾದರೆ ಕೆಂಪು ಬೀಗ. ಡಿಲೀಟ್ ಒತ್ತುವ ಹಾಗಿಲ್ಲ, ರೀಸ್ಟಾರ್ಟ್ ಮಾಡುವ ಹಾಗಿಲ್ಲ. ಮೂರಕ್ಕೂ ಕಾರಣ ಮೊದಲು ಹೇಳಿದ ಗುಂಪಿಗೆ ಸಂಜೆ ಬೆಣ್ಣೆದೋಸೆ ನನ್ನ ಖರ್ಚು. ಒಬ್ಬೊಬ್ಬರಿಗೆ ಎರಡು, ಅದಕ್ಕಿಂತ ಜಾಸ್ತಿ ಕೇಳಿದರೆ 413. ಬನ್ನಿ, ಶುರು ಮಾಡಿ.